ಮುರಿಗೆಪ್ಪ ಕೇಳಿ ಬಂದದ್ದು

ಹೊಳೆಯ ದಂಡೆಗೆ ಒಂದು ಮಠ. ದೊಡ್ಡದಲ್ಲ. ಎರಡು ಕೋಣೆ, ಒಂದು ಪಡಸಾಲೆ.

ಅಲ್ಲಿ ನಿರುಪಾದಜ್ಜ ಇದ್ದರು. ಪ್ರವಚನ ಹೇಳುತ್ತಿರಲಿಲ್ಲ. ಪಡಸಾಲೆಯಲ್ಲಿ ಒಂದು ಹಳೆಯ ಹಾಡಿನ ಪೆಟ್ಟಿಗೆ ಇತ್ತು. ಪ್ರತಿ ಗುರುವಾರ ಏಳೆಂಟು ಜನ ಬಂದು ಅದರ ಮುಂದೆ ಕೂಡುತ್ತಿದ್ದರು. ಹಾಡು ಮುಗಿದ ಮೇಲೆ ಅಜ್ಜ ಒಬ್ಬೊಬ್ಬರ ಕಡೆ ನೋಡುತ್ತಿದ್ದರು. ಏನು ಕೇಳಿಸಿತು ಎಂದು ಬಂದವರು ಹೇಳಬೇಕು. ಅದೇ ಪಾಠ.

ಅಜ್ಜನ ಶಿಷ್ಯ ಮುರಿಗೆಪ್ಪ. ಮೂವತ್ತು ದಾಟಿದ ಆಳು. ಹನ್ನೆರಡು ವರ್ಷದಿಂದ ಮಠದಲ್ಲಿದ್ದ. ಮಾತು ಬಲ್ಲವನು.

ಒಂದು ಸಲ ಪಟ್ಟಣದಲ್ಲಿ ಪ್ರದರ್ಶನ ನಡೆಯಿತು. ದೇಶದೇಶದಿಂದ ತಂದ ದುಬಾರಿ ಧ್ವನಿಯಂತ್ರಗಳು. ಹೋಟೆಲಿನ ಇಪ್ಪತ್ತು ಕೋಣೆಗಳಲ್ಲಿ ನಾಲ್ಕು ದಿನ. ಮಠಕ್ಕೆ ಒಂದು ಪಾಸು ಬಂತು. ಒಂದೇ.

ಎಲ್ಲರಿಗಿಂತ ಹೆಚ್ಚು ಆಸೆ ಇದ್ದದ್ದು ದರ್ಜಿ ಖಾದರಸಾಬನಿಗೆ. ಪೆಟ್ಟಿಗೆ ಕೆಟ್ಟರೆ ಸರಿ ಮಾಡುವವನು ಅವನೇ. ಆದರೆ ಮದುವೆಯ ಬಟ್ಟೆ ರಾಶಿ ಬಿದ್ದಿತ್ತು.

"ಮುರಿಗೆಪ್ಪ ಹೋಗಲಿ," ಅಂದರು ಅಜ್ಜ.

"ಅವಗ ಕಿವಿಗಿಂತ ಬಾಯಿ ದೊಡ್ಡದೈತ್ರಿ," ಅಂದ ಖಾದರಸಾಬ.

"ನನಗೂ ಆ ಅನುಮಾನ ಐತಿ. ಅದಕ್ಕ ಅವನ್ನ ಕಳಸಾಕತ್ತೀನಿ."

ಅಜ್ಜ ಮುರಿಗೆಪ್ಪನ ಕಡೆ ತಿರುಗಿದರು. "ಹೋಗಿ ಕೇಳಿ ಬಾ. ಹೋಗಲಾರದವರಿಗೆ ಹೇಳು."

ಅಷ್ಟೇ ಹೇಳಿದ್ದು.

ಹೊರಡುವ ದಿನ ಬಸಲಿಂಗಪ್ಪ ಬಂದ. ದೋಣಿ ನಡೆಸುತ್ತಿದ್ದವನು. ಈಗ ಮೊಣಕಾಲು ಹೋಗಿ ಮನೆಯಲ್ಲೇ ಇದ್ದ. ಅವನ ಹೆಂಡತಿ ನೀಲವ್ವ ತೀರಿಕೊಂಡು ಒಂಬತ್ತು ವರ್ಷ. ಅವಳು ಹಾಡಿದ ಒಂದು ಹಾಡು ಕ್ಯಾಸೆಟ್ಟಿನಲ್ಲಿ ಉಳಿದಿತ್ತು. ಬೇರೆ ಏನೂ ಉಳಿದಿರಲಿಲ್ಲ. ಒಂದು ಫೋಟೊ ಕೂಡ ಇಲ್ಲ.

ಕ್ಯಾಸೆಟ್ಟು ಅವನ ಅಂಗಿಯ ಒಳಜೇಬಿನಲ್ಲಿತ್ತು. ತೆಗೆದ. ಮತ್ತೆ ಇಟ್ಟುಕೊಂಡ.

"ಕೊಡೂದಿದ್ರ ಕೊಡು. ಬಸ್ಸು ಹೋಗತೈತಿ," ಅಂದ ಮುರಿಗೆಪ್ಪ.

"ಬ್ಯಾರೇದವರ ಕೈಗೆ ಕೊಡಬ್ಯಾಡ."

"ಇಲ್ಲ."

"ಮನ್ಯಾಗ ಹಚ್ಚಿದ್ರ ದನಿ ಕೆಳಗ ಹೊಂಟೈತಿ. ಮೊದಲಿನಂಗ ಇಲ್ಲ. ಆ ದೊಡ್ಡ ಯಂತ್ರದಾಗ ಹಚ್ಚಿ ನೋಡು. ಆಕಿ ಅದರಾಗ ಇನ್ನೂ ಇದಾಳೋ, ಹೋದಳೋ. ಅಷ್ಟ ಹೇಳು."

"ಹೇಳ್ತೀನಿ."

ಬಸಲಿಂಗಪ್ಪ ಕ್ಯಾಸೆಟ್ಟು ಕೊಟ್ಟ. ಕೊಟ್ಟ ಕೈ ಹಾಗೇ ಚಾಚಿಕೊಂಡು ನಿಂತಿತ್ತು.

ನಾಲ್ಕನೇ ದಿನ ಬೆಳಿಗ್ಗೆ ಮುರಿಗೆಪ್ಪ ತಿರುಗಿ ಬಂದ. ಪಡಸಾಲೆ ತುಂಬಿತ್ತು. ಅವನ ಚೀಲದ ತುಂಬ ಯಂತ್ರ ಮಾರುವವರು ಕೊಟ್ಟ ಹೊಳೆಯುವ ಪುಸ್ತಕಗಳು.

"ಹೇಳು," ಅಂದರು ಅಜ್ಜ.

ಮುರಿಗೆಪ್ಪ ಹೇಳಿದ. ಆಳೆತ್ತರದ ಸ್ಪೀಕರುಗಳು. ಕೈ ದಪ್ಪದ ವೈರು. ವೈರು ನೆಲಕ್ಕೆ ತಾಗಬಾರದೆಂದು ಕೆಳಗೆ ಮರದ ಕುದುರೆಗಳು. ಕೋಣೆಗೆ ಹೋದರೆ ಬಾಗಿಲು ಮುಚ್ಚುತ್ತಾರೆ. ಯಾರೂ ಕೆಮ್ಮುವಂತಿಲ್ಲ.

"ವೈರಿಗೆ ಕುದುರಿ ಯಾಕಪಾ?" ಅಂದ ಖಾದರಸಾಬ. "ಅದೇನು ಮದಿಮಗನ?"

"ನೆಲದ ನಡುಕ ವೈರಿಗೆ ಬರತೈತಂತ."

"ಅಂತ," ಅಂದರು ಅಜ್ಜ.

ಮುರಿಗೆಪ್ಪ ಮುಂದೆ ಹೇಳಿದ. "ಹದಿನಾಲ್ಕನೇ ಕೋಣ್ಯಾಗಿನ ಯಂತ್ರ ಎಲ್ಲಾದಕ್ಕೂ ಮಿಗಿಲು. ದನಿ ತಿಳಿನೀರಿನಂಗ. ನಡುವ ಪರದೇನ ಇಲ್ಲ. ಹಾಡೋರು ಎದುರಿಗೇ ಕುಂತಂಗ."

"ಇದು ಯಾರ ಮಾತು?"

"ನನ್ನ ಮಾತ್ರಿ."

ಅಜ್ಜ ಒಂದು ಪುಸ್ತಕ ತೆಗೆದು ಖಾದರಸಾಬನ ಕೈಗೆ ಕೊಟ್ಟರು. ಖಾದರಸಾಬ ಕನ್ನಡಕ ಹಾಕಿಕೊಂಡು ಹಾಳೆ ತಿರುವಿದ. ಒಂದು ಕಡೆ ನಿಲ್ಲಿಸಿದ. ಬೆರಳಿಟ್ಟು ಓದಿದ.

"ತಿಳಿನೀರಿನಂಥ ದನಿ. ಪರದೆಯಿಲ್ಲದ ಅನುಭವ."

ಯಾರೋ ನಕ್ಕರು. ಮುರಿಗೆಪ್ಪ ನೆಲ ನೋಡಿದ.

"ನೀ ಏನು ಕೇಳಿದಿ?" ಅಂದರು ಅಜ್ಜ.

"ಎಲ್ಲಾ ಕೇಳೀನ್ರಿ. ಒಂದು ಕೋಣಿ ಬಿಟ್ಟಿಲ್ಲ. ಮಾರೋರನ್ನ ಕೇಳೀನಿ. ಪ್ಯಾಟಿಯಿಂದ ಬಂದ ಶೋಕಿಯವರನ್ನ ಕೇಳೀನಿ. ಪತ್ರಿಕೆಯವ ಒಬ್ಬ ಇದ್ದ, ಅವನ್ನೂ ಕೇಳೀನಿ."

ಹೊಳೆಯ ಸದ್ದು ಬರುತ್ತಿತ್ತು.

"ನಾ ಕೇಳಿ ಬಾ ಅಂದಿದ್ದೆ," ಅಂದರು.

"ಕೇಳೇ ಬಂದೀನಲ್ರಿ."

"ಯಾರನ್ನರ ಕೇಳು ಅಂತ ನಾ ಹೇಳಿರಲಿಲ್ಲ."

ಖಾದರಸಾಬನಿಗೆ ತಿಳಿಯಿತು. ಅವನು ಕನ್ನಡಕ ತೆಗೆದ. ಮುರಿಗೆಪ್ಪನಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

ಬಸಲಿಂಗಪ್ಪ ಮೂಲೆಯಿಂದ ಮಾತಾಡಿದ. "ನನ್ನ ಕ್ಯಾಸೆಟ್ಟು?"

ಮುರಿಗೆಪ್ಪನ ಮುಖ ಅರಳಿತು. ಜೇಬಿನಿಂದ ಬೆರಳುದ್ದದ ಒಂದು ಪೆನ್‌ಡ್ರೈವ್ ತೆಗೆದ. "ಹದಿನಾಲ್ಕನೇ ಕೋಣೆಯವರು ಇದರಾಗ ಇಳಿಸಿ ಕೊಟ್ಟಾರ. ಗದ್ದಲ ಎಲ್ಲಾ ತಗದು, ದನಿ ಅಷ್ಟ ಇಟ್ಟಾರ. ಕೇಳು, ಕಾಕಾ."

ಮಠದ ಪೆಟ್ಟಿಗೆಗೆ ಅಂಥದನ್ನು ಚುಚ್ಚುವ ಕಿಂಡಿಯನ್ನು ಖಾದರಸಾಬ ಹಿಂದೆಯೇ ಕೂಡಿಸಿದ್ದ. ಹಚ್ಚಿದರು.

ಒಂದು ಹೆಣ್ಣಿನ ದನಿ ಬಂತು. ಸುತ್ತ ಏನೂ ಇಲ್ಲ. ದನಿ ಒಂದೇ. ಒಂದೊಂದು ಅಕ್ಷರವೂ ಬಿಡಿಬಿಡಿ. ಕೂತವರು ತಲೆದೂಗಿದರು.

ಹಾಡು ಮುಗಿಯಿತು.

"ಚಲೋ ಹಾಡ್ತಾಳ," ಅಂದ ಬಸಲಿಂಗಪ್ಪ. "ಯಾರಿಕಿ?"

ಕೂತವರು ಮುರಿಗೆಪ್ಪನ ಕಡೆ ನೋಡಿದರು.

"ಕಾಕಾ, ನಿಮ್ಮಾಕಿ," ಅಂದ ಮುರಿಗೆಪ್ಪ. "ನೀಲವ್ವ."

"ಅಲ್ಲ."

"ನಿನ್ನ ಕ್ಯಾಸೆಟ್ಟಿನಿಂದನ ತಗದಾರ. ನನ್ನ ಮುಂದ."

"ನಮ್ಮಾಕಿ ಬರಿಗೈಲೆ ಎಂದೂ ಹಾಡಿಲ್ಲ. ಇದು ಬ್ಯಾರೆ ಯಾರೋ. ಬದಲ ಮಾಡ್ಯಾರ. ನೀ ನೋಡಿಲ್ಲ, ಅವರು ಬದಲ ಮಾಡ್ಯಾರ."

"ಗದ್ದಲ ಅಂದ್ರ ಏನು ತಗದ್ರು?" ಅಂದರು ಅಜ್ಜ.

"ಬೀಸೂಕಲ್ಲಿನ ಸದ್ದು ಇತ್ರಿ. ಗರ್ ಅಂತ, ಮೊದಲಿಂದ ಕಡೀತನಕ. ಹಾಡು ಕೇಳಗೊಡತಿರಲಿಲ್ಲ. ನಾನ ಹೇಳಿದೆ, ಅದೊಂದು ತಗೀರಿ ಅಂತ."

ಬಸಲಿಂಗಪ್ಪ ಎದ್ದು ಬಂದ. ಗೋಡೆ ಹಿಡಿದು, ನಿಧಾನ. ಮುರಿಗೆಪ್ಪನ ಮುಂದೆ ಕೈ ಚಾಚಿದ.

"ಅದನ್ನ ಕೊಡು. ನಂದು ನನಗ ಕೊಡು."

ಮುರಿಗೆಪ್ಪ ಚೀಲ ನೋಡಿದ. ಜೇಬು ಮುಟ್ಟಿಕೊಂಡ. ಅದು ಅಲ್ಲಿಲ್ಲ ಎಂದು ಅವನಿಗೆ ಗೊತ್ತಿತ್ತು. ಆದರೂ ಮುಟ್ಟಿಕೊಂಡ.

"ಎಲ್ಲಾ ಇದರಾಗ ಬಂತು, ಇನ್ನ ಅದು ಯಾಕ ಅಂದ್ರು. ಅಲ್ಲೆ ಮೇಜಿನ ಮ್ಯಾಲ ಬಿಟ್ಟೆ."

ಬಸಲಿಂಗಪ್ಪ ಬಯ್ಯಲಿಲ್ಲ. ಅವನನ್ನೇ ನೋಡುತ್ತ ನಿಂತ. ಬೈದಿದ್ದರೆ ಮುರಿಗೆಪ್ಪನಿಗೆ ಹಗುರಾಗುತ್ತಿತ್ತು.

"ಇವತ್ತ ಕಡೀ ದಿನ," ಅಂದ ಖಾದರಸಾಬ. "ಮಧ್ಯಾಹ್ನಕ್ಕ ಗಂಟು ಕಟ್ತಾರ."

"ನಡಿ," ಅಂದರು ಅಜ್ಜ.

"ಹೋಗಿ ಏನಂತ ಕೇಳ್ಲಿ, ಅಜ್ಜಾರ?"

"ಕೇಳು, ಅಷ್ಟ."

ಮುರಿಗೆಪ್ಪ ಹೊಸ್ತಿಲಲ್ಲಿ ನಿಂತ. "ಯಾವ ಕೇಳ್ರಿ, ಕಿವೀದೋ ಬಾಯೀದೋ?"

"ಅಂತೂ ಅನುಮಾನ ಬಂತು," ಅಂದರು ಅಜ್ಜ. "ಬಸ್ಸು ತಪ್ಪತೈತಿ."

ಅವನು ಹೋಗುವ ಹೊತ್ತಿಗೆ ಹೋಟೆಲಿನ ಮುಂದೆ ಲಾರಿಗಳು ನಿಂತಿದ್ದವು. ಹದಿನಾಲ್ಕನೇ ಕೋಣೆಯಲ್ಲಿ ಮೂವರು ವೈರು ಸುತ್ತುತ್ತಿದ್ದರು. ಮೇಜು ಖಾಲಿ.

ಕಸದ ಡಬ್ಬಿ ನೋಡಿದ. ಕುರ್ಚಿಗಳ ಕೆಳಗೆ ನೋಡಿದ. ರತ್ನಗಂಬಳಿ ಎತ್ತಿ ನೋಡಿದ. ಬಾಗಿಲ ಕಾವಲಿನವನು ಅವನ ಬೆನ್ನ ಹಿಂದೆಯೇ ಬಂದ.

"ಏನ್ ಹುಡುಕ್ತಾ ಇದೀಯ?"

ಮುರಿಗೆಪ್ಪ ನೆಲಕ್ಕೆ ಕೆನ್ನೆ ತಾಗಿಸಿದ. ಆಳೆತ್ತರದ ಸ್ಪೀಕರ್ ಒಂದು ನಿಂತಿತ್ತು. ಅಲ್ಲಿ ನೆಲ ಸ್ವಲ್ಪ ಇಳಿಜಾರು. ಸ್ಪೀಕರ್ ಅಲುಗದಂತೆ ಯಾರೋ ಅದರ ಒಂದು ಕಾಲಿನ ಕೆಳಗೆ ಏನನ್ನೋ ತುರುಕಿದ್ದರು.

ನೀಲವ್ವ ಅಲ್ಲಿದ್ದಳು.

ಅವನು ಕೈ ಹಾಕಿ ಎಳೆದುಕೊಂಡ. ಕಾವಲಿನವನು ರಟ್ಟೆ ಹಿಡಿದ. ಗದ್ದಲ ಕೇಳಿ ಟೈ ಕಟ್ಟಿದ ಒಬ್ಬ ಬಂದ. ಮೊನ್ನೆ ಇದ್ದವನಲ್ಲ.

"ಅದು ನಮ್ಮ ಕ್ಯಾಸೆಟ್ಟು," ಅಂದ ಮುರಿಗೆಪ್ಪ.

"ಎಲ್ಲರೂ ಹಾಗೇ ಹೇಳ್ತಾರೆ. ಇವತ್ತು ಬೆಳಿಗ್ಗೆಯಿಂದ ಎರಡು ಸಾಮಾನು ಕಾಣೆಯಾಗಿದೆ. ನಿಮ್ಮದಾದರೆ ಅದರಲ್ಲಿ ಏನಿದೆ, ಹೇಳಿ."

ಮುರಿಗೆಪ್ಪನಿಗೆ ಹಾಡಿನ ಮಾತು ಬಾಯಿಗೆ ಬಂತು. ನುಂಗಿದ.

"ಒಂದು ಬೀಸೂಕಲ್ಲು," ಅಂದ.

"ಹಾಡಿಲ್ವಾ?"

"ಹಾಡೂ ಐತಿ."

ಟೈನವನಿಗೆ ನಂಬಿಕೆ ಬರಲಿಲ್ಲ. ಕ್ಯಾಸೆಟ್ಟು ಹಚ್ಚುವ ಯಂತ್ರದ ವೈರು ಮಾತ್ರ ಇನ್ನೂ ಕಿತ್ತಿರಲಿಲ್ಲ. ಕ್ಯಾಸೆಟ್ಟಿನ ಒಂದು ಮೂಲೆ ಸೀಳಿತ್ತು, ಟೇಪು ಹರಿದಿರಲಿಲ್ಲ. ಹಚ್ಚಿದ.

ಕಲ್ಲು ತಿರುಗಿತು.

ಮುರಿಗೆಪ್ಪ ನೆಲದ ಮೇಲೆ ಕೂತುಬಿಟ್ಟ. ವೈರು ಸುತ್ತುತ್ತಿದ್ದವರ ಕೈ ನಿಂತಿತು. ಕಾವಲಿನವನು ರಟ್ಟೆ ಬಿಟ್ಟ.

ಮುಗಿದ ಮೇಲೆ ಟೈನವನು ಹೇಳಿದ, "ಒಳ್ಳೆ ದನಿ. ಈ ಗಲಾಟೆ ತೆಗೆದುಬಿಡಬಹುದು. ಎರಡು ನಿಮಿಷದ ಕೆಲಸ."

"ಬ್ಯಾಡ್ರಿ," ಅಂದ ಮುರಿಗೆಪ್ಪ. "ಇನ್ನೊಮ್ಮೆ ಹಚ್ಚತೀರೇನು?"

ಮರುದಿನ ಪಡಸಾಲೆಯಲ್ಲಿ ಎಲ್ಲರೂ ಕೂತಿದ್ದರು. ಮುರಿಗೆಪ್ಪ ಮೊದಲು ಬಸಲಿಂಗಪ್ಪನ ಕೈಗೆ ಕ್ಯಾಸೆಟ್ಟು ಕೊಟ್ಟ. ಬಸಲಿಂಗಪ್ಪ ಅದನ್ನು ತಿರುಗಿಸಿ ತಿರುಗಿಸಿ ನೋಡಿದ. ಮೂಲೆಯ ಸೀಳು ಮುಟ್ಟಿದ. ಇದು ತನ್ನದೇ ಹೌದೋ ಅಲ್ಲವೋ ಎಂದು ಮೂಸಿಯೂ ನೋಡಿದ.

"ಹೇಳು," ಅಂದರು ಅಜ್ಜ.

ಮುರಿಗೆಪ್ಪ ಚೀಲ ತಂದಿರಲಿಲ್ಲ.

"ಎರಡನೇ ನುಡಿ ಮುಗಿಯೂ ಮುಂದ ಕಲ್ಲಿನ ಸದ್ದು ಬದಲಾಗತೈತ್ರಿ. ಕಾಳು ತೀರಿರಬೇಕು. ಬರೇ ಕಲ್ಲು ಮೂರು ಸುತ್ತು ತಿರಗತೈತಿ."

ಬಸಲಿಂಗಪ್ಪನ ಬೆರಳು ನಿಂತಿತು.

"ಆಕಿ ಹಾಡು ಬಿಡೂದಿಲ್ಲ. ಒಂದ ಅಕ್ಷರ ಎಳಕೋತ ಇರ್ತಾಳ. ಮೂರು ಸುತ್ತೂ. ಆಮ್ಯಾಲ ಹೆಜ್ಜಿ ಸಪ್ಪಳ ಬರತೈತಿ. ಒಂದು ಹಿಡಿ ಕಾಳು ಬೀಳತೈತಿ. ಕಾಳು ಬಿದ್ದ ಮ್ಯಾಲ ಮುಂದಿನ ನುಡಿ ಹಿಡೀತಾಳ."



"ಎಮ್ಮಿ ಹಗ್ಗ ಹರಕೊಂಡಿತ್ತು," ಅಂದ ಬಸಲಿಂಗಪ್ಪ. "ಕಟ್ಟಾಕ ಹೋಗಿದ್ದೆ."

"ಕಾಳು ಹಾಕಾವ ನೀನ ಏನು?" ಅಂದ ಖಾದರಸಾಬ.

"ದಿನಾ ನಾನ. ಆಕಿ ಬೀಸಾಕಿ, ನಾ ಹಾಕಾವ. ಆವತ್ತ ಆಕಿ ತಮ್ಮ ಹಾಡು ತುಂಬೂ ಪೆಟ್ಟಿಗಿ ತಂದಿದ್ದ. ನಮಗ ಗೊತ್ತಾಗದಂಗ ತುಂಬಿಸಿದ." ಕ್ಯಾಸೆಟ್ಟು ಮಡಿಲಲ್ಲಿ ಇಟ್ಟುಕೊಂಡ. "ಅಲ್ಲೆ ಎಳೀತಾಳಲ್ಲ, ಅದು ರಾಗ ಅಂದ್ಕೊಂಡಿದ್ದೆ. ನನ್ನ ದಾರಿ ನೋಡಾಕತ್ತಿದ್ಲು ಅಂತ ಗೊತ್ತಿರಲಿಲ್ಲ."

ಖಾದರಸಾಬ ಮೂಗು ಒರೆಸಿಕೊಂಡ. ಆಮೇಲೆ ಮುರಿಗೆಪ್ಪನ ಕಡೆ ತಿರುಗಿದ. "ಆ ಹದಿನಾಲ್ಕನೇ ಕೋಣಿ ಯಂತ್ರ ಹೆಂಗೈತಿ, ಅದನ್ನರ ಹೇಳು. ನಾವೂ ಕಾದೀವಿ."

"ಚಲೋ ಐತಿ. ಕಾಳು ಬೀಳೂದು ಅದರಾಗ ಕೇಳಿಸ್ತು. ಉಳಿದ ಕೋಣಿ ನಂಗ ಗೊತ್ತಿಲ್ಲ. ಅಲ್ಲೆಲ್ಲಾ ನಾನ ಮಾತಾಡಾಕತ್ತಿದ್ದೆ."

ಅಜ್ಜ ಈ ಸಲ ಯಾರ ಮಾತು ಎನ್ನಲಿಲ್ಲ.

"ಬಸಲಿಂಗಣ್ಣ, ಅದನ್ನ ಎರಡು ದಿನ ಕೊಡು," ಅಂದ ಖಾದರಸಾಬ. "ಕಲ್ಲು ಸಮೇತ ಇಳಿಸಿ ಕೊಡ್ತೀನಿ. ಏನೂ ತಗಿಯೂದಿಲ್ಲ."

"ಬ್ಯಾಡ. ಇನ್ನ ಯಾರ ಕೈಗೂ ಇಲ್ಲ. ನಿನ್ನ ಕೈಗೂ ಇಲ್ಲ."

ಬಸಲಿಂಗಪ್ಪ ಟವೆಲು ಬಿಚ್ಚಿದ. ಕ್ಯಾಸೆಟ್ಟು ಸುತ್ತಿದ. ಒಂದು ಸುತ್ತು, ಎರಡು ಸುತ್ತು. ಗಂಟು ಹಾಕಿದ. ಗಂಟಿನ ಮೇಲೆ ಮತ್ತೊಂದು ಗಂಟು.

"ಹಚ್ಚಿದಷ್ಟೂ ಸವೀತೈತಿ," ಅಂದ. "ಮೊದಲಿಂದ ಆಕಿ ತೀರಿಕೊಂಡ ದಿನ ಅಷ್ಟ ತಗೀತೀನಿ, ವರ್ಷಕ್ಕ ಒಮ್ಮೆ. ಇನ್ನ ಮುಂದಿನ ವರ್ಷನ."

ಅಜ್ಜ ಆ ಗಂಟನ್ನೇ ನೋಡುತ್ತಿದ್ದರು.

"ಆಕಿ ವರ್ಷಕ್ಕ ಒಮ್ಮೆ ಬೀಸ್ತಿದ್ದಳೇನು, ಬಸಲಿಂಗಪ್ಪ?" ಅಂದರು.