ಉಳಿದರ್ಧ

ಅಣ್ಣತಮ್ಮಂದಿರು ಮನೆ ಪಾಲು ಮಾಡಿಕೊಂಡು ನಡುವೆ ಗೋಡೆ ಎಬ್ಬಿಸಿ ಏಳು ವರ್ಷವಾಗಿತ್ತು. ಈಚೆ ಅಣ್ಣ ಇನ್ನಾಸಪ್ಪ ಒಬ್ಬನೇ, ಆಚೆ ತಮ್ಮ ಸೌರಪ್ಪ ಒಬ್ಬನೇ. ಜಪಸರದಲ್ಲಿ ಪ್ರತಿ ಮಣಿಗೂ ಒಬ್ಬರು 'ನಮೋ ಮರಿಯ' ಪ್ರಾರ್ಥನೆಯ ಮೊದಲರ್ಧ ಹೇಳಬೇಕು, ಉಳಿದವರು ಇನ್ನರ್ಧ ಹೇಳಿ ಉತ್ತರ ಕೊಡಬೇಕು. ಇನ್ನಾಸಪ್ಪ ದಿನಾ ಸಂಜೆ ಮೊದಲರ್ಧ ಹೇಳಿ, ಸ್ವಲ್ಪ ಕಾದು, ಉಳಿದರ್ಧವನ್ನೂ ತಾನೇ ಹೇಳಿಕೊಳ್ಳುತ್ತಿದ್ದ.

ಮೊಳೆಗೆ ತೂಗಿದ್ದ ಜಪಸರ ಒಂದು ದಿನ ಹಲ್ಲಿಗೆ ಹೇಳಿತು: "ನನ್ನ ಯಜಮಾನನಷ್ಟು ಒಂಟಿ ಲೋಕದಲ್ಲಿ ಯಾರೂ ಇಲ್ಲ."

"ನಾನು ಗೋಡೆಯಾಚೆಗೂ ಹೋಗುವವಳು," ಎಂದಿತು ಹಲ್ಲಿ. "ಅಲ್ಲಿಯೂ ಒಬ್ಬ ಇದೇ ಹೊತ್ತಿಗೆ ಮೊದಲರ್ಧ ಹೇಳಿ ಕಾಯುತ್ತಾನೆ."

"ನನ್ನ ಯಜಮಾನನಿಗೆ ಅದು ಕೇಳಿಸುವುದಿಲ್ಲವೇ?"

"ಕೇಳಿಸುತ್ತದೆ. ಅದಕ್ಕೇ ದನಿ ಏರಿಸುತ್ತಾನೆ. ಆಚೆಯವನೂ ಏರಿಸುತ್ತಾನೆ. ಮೊದಲು ಹೇಳುವುದು ಇಬ್ಬರಿಗೂ ಬೇಕು, ಉತ್ತರ ಕೊಡುವುದು ಇಬ್ಬರಿಗೂ ಬೇಡ."



ಮರುವಾರ ಇನ್ನಾಸಪ್ಪನಿಗೆ ಶೀತವಾಗಿ ಗಂಟಲು ಕಟ್ಟಿತು. ಸಂಜೆ ಜಪಸರ ಹಿಡಿದು ಸುಮ್ಮನೆ ಕುಳಿತ. ಆಚೆಯಿಂದ ಸೌರಪ್ಪನ ದನಿ ಮೊದಲರ್ಧ ಹೇಳಿತು, ಕಾಯಿತು, ತಾನೇ ಮುಗಿಸಿತು. ಹಾಗೇ ಮೂರು ಮಣಿ ಕಳೆದವು. ನಾಲ್ಕನೆಯದಕ್ಕೆ ಇನ್ನಾಸಪ್ಪ ಎದ್ದು ಹೋಗಿ, ಗೋಡೆಯ ಹತ್ತಿರ ನಿಂತು, ಒಡಕು ದನಿಯಲ್ಲಿ ಉಳಿದರ್ಧ ಹೇಳಿದ.

ಆಚೆಯಿಂದ ಎಷ್ಟು ಹೊತ್ತಾದರೂ ಮುಂದಿನ ಮಣಿ ಬರಲಿಲ್ಲ.

ಆಮೇಲೆ ಸೌರಪ್ಪ ಕೇಳಿದ: "ಗಂಟಲಿಗೆ ಏನಾಯ್ತಣ್ಣ?"