ಎಡದ ಹೂವಿಗೆ ಮುತ್ತಿದ ಇರುವೆ

ಬನ್ನಿ ಮಕ್ಕಳೇ, ಒತ್ತಿ ಕೂತುಕೊಳ್ಳಿ. ಹೊರಗೆ ಮೋಡ ಕವಿದಿದೆ. ಈ ಕಥೆಯಲ್ಲೂ ಮೋಡ ಕವಿದಿದೆ.

ಬಿಲ್ವಗಿರಿ ಎಂಬ ರಾಜ್ಯದಲ್ಲಿ, ಹೊಳೆಯ ದಂಡೆಯ ಮೇಲೆ, ಹೂ ಬೆಳೆದು ಬದುಕುವ ಒಂದು ಸಂಸಾರವಿತ್ತು. ಅತ್ತೆ ಈರವ್ವ, ಮಗ ಭರಮಣ್ಣ, ಸೊಸೆ ಚೆನ್ನಾಜಿ, ಮೊಲೆಹಾಲು ಬಿಡದ ಒಂದು ಹೆಣ್ಣುಕೂಸು. ಮನೆಯ ಯಜಮಾನ ಆ ಬೇಸಿಗೆಯಲ್ಲಿ ತೀರಿಕೊಂಡಿದ್ದ.

ಆ ಊರಿನ ದೇವತೆ ತೊರೆಯಮ್ಮ. ದೊಡ್ಡ ಮಾತೇನೇ ಇರಲಿ, ಅವಳ ಗುಡಿಯಲ್ಲಿ ಹೂ ಕೇಳುವುದು ಊರಿನ ಪದ್ಧತಿ. ಪೂಜಾರಿ ದೇವಿಯ ಎರಡು ಭುಜಕ್ಕೂ ನೀರಿನಲ್ಲಿ ಅದ್ದಿದ ಹೂ ಅಂಟಿಸುತ್ತಾನೆ. ಬಲದ ಹೂ ಮೊದಲು ಬಿದ್ದರೆ ಹೌದು. ಎಡದ್ದು ಬಿದ್ದರೆ ಅಲ್ಲ. ಯಜಮಾನನಿದ್ದಾಗ ಅಪರೂಪಕ್ಕೊಮ್ಮೆ ಕೇಳುತ್ತಿದ್ದರು. ಅವನು ಹೋದ ಮೇಲೆ ಈರವ್ವನಿಗೆ ಸಾಸಿವೆ ಬಿತ್ತಲೂ ಧೈರ್ಯವಿಲ್ಲ. ಎಲ್ಲಕ್ಕೂ ಗುಡಿ, ಎಲ್ಲಕ್ಕೂ ಹೂ.

ಅದನ್ನು ಪೂಜಾರಿ ಮುದ್ದಯ್ಯ ಕಂಡುಕೊಂಡ.

"ಈರವ್ವ, ಯಜಮಾನನ ಆತ್ಮಕ್ಕೆ ಶಾಂತಿಯಿಲ್ಲ. ಕರೆಯೋ ಹಸು ಗುಡಿಗೆ ಬರಬೇಕೇನೋ, ಕೇಳೋಣ," ಎಂದ. ಕೇಳಿದರು. ಬಲದ ಹೂ ಬಿತ್ತು. ಹಸು ಮುದ್ದಯ್ಯನ ಕೊಟ್ಟಿಗೆ ಸೇರಿತು.

"ಬಾವಿಯ ಪಕ್ಕದ ಮಲ್ಲಿಗೆ ತೋಟ ಅಮ್ಮನಿಗೆ ಸಲ್ಲಬೇಕೇನೋ, ಕೇಳೋಣ," ಎಂದ. ಕೇಳಿದರು. ಬಲದ ಹೂ ಬಿತ್ತು. ತೋಟಕ್ಕೆ ಮುದ್ದಯ್ಯನ ಬೇಲಿ ಬಿತ್ತು.

ಮರುದಿನ ಬೆಳಿಗ್ಗೆ ಗುಡಿ ಗುಡಿಸಲು ಹೋದವಳು ಚೆನ್ನಾಜಿ. ನೋಡುತ್ತಾಳೆ: ದೇವಿಯ ಎಡಭುಜದಲ್ಲಿ ನಿನ್ನೆಯ ಹೂ ಬಾಡಿ ಮುದುಡಿದೆ, ಆದರೂ ಕಚ್ಚಿ ಹಿಡಿದಿದೆ. ಅದರ ಸುತ್ತ ಕಟ್ಟಿರುವೆ ಮುತ್ತಿದೆ. ನೀರಿನಲ್ಲಿ ಅಂಟಿಸಿದ ಹೂ ಒಣಗಿದ ಮೇಲೂ ನಿಲ್ಲುವುದುಂಟೇ? ನೀರಿಗೆ ಇರುವೆ ಬರುವುದುಂಟೇ?

ಮನೆಗೆ ಬಂದು ಅತ್ತೆಯ ಮುಂದೆ ಕೂತಳು.

"ಅತ್ತೆ, ಆ ಹೂವಿನಲ್ಲೇನೋ ಮೋಸವಿದೆ."

ಈರವ್ವ ಎರಡೂ ಕಿವಿ ಮುಚ್ಚಿಕೊಂಡಳು. "ಬಿಡ್ತು ಅನ್ನೇ! ಮನುಷ್ಯರು ಸುಳ್ಳು ಹೇಳ್ತಾರೆ, ಹೂ ಹೇಳ್ತದೇನೇ? ನಿನ್ನ ಮಾವ ಇದ್ದಿದ್ರೆ ಈ ಮಾತು ಆಡ್ತಿದ್ಯಾ?"

"ಮಾವ ಇದ್ದಿದ್ರೆ ಹಸು ಇಲ್ಲೇ ಇರ್ತಿತ್ತು, ಅತ್ತೆ."

ಭರಮಣ್ಣ ತಾಯಿಯ ಮುಖ ನೋಡಿದ, ಹೆಂಡತಿಯ ಮುಖ ನೋಡಿದ, ಕೊನೆಗೆ ನೆಲ ನೋಡಿದ.

ಮಾತಿಗೆ ಕಾಲಿಲ್ಲದಿದ್ದರೂ ಅದು ಮುದ್ದಯ್ಯನ ಮನೆ ತಲುಪಿತು. ಸಂಜೆಗೇ ಅವನು ಅಂಗಳದಲ್ಲಿ ನಿಂತಿದ್ದ.

"ಈರವ್ವ, ನಿನ್ನ ಮನೆ ಕೇಡಿನ ಬೇರು ಸಿಕ್ಕಿತು. ಈ ಸೊಸೆ ಕಾಲಿಟ್ಟ ಗಳಿಗೆ ಸರಿಯಿಲ್ಲ. ಹೊಳೆ ದಾಟಿಸಿ ತವರಿಗೆ ಕಳಿಸಬೇಕೇನೋ, ನಾಳೆ ಕೇಳೋಣ. ಕೂಸು ನಿಮ್ಮ ಕುಲದ್ದು, ಅದು ಇಲ್ಲೇ ಇರಲಿ."

ಚೆನ್ನಾಜಿ ಹೊಳೆಯ ಕಡೆ ತಿರುಗಿ ನೋಡಿದಳು. ಹೊಳೆಯ ನೀರು ಆಗಲೇ ಕೆಂಪಾಗಿತ್ತು. ಒಮ್ಮೆ ಹೊಳೆ ತುಂಬಿತೆಂದರೆ ದೀಪಾವಳಿಯವರೆಗೆ ಹರಿಗೋಲು ಹಾಕುವವರಿಲ್ಲ. ಅಷ್ಟರಲ್ಲಿ ಕೂಸು ತಾಯಿಯ ಮುಖವನ್ನೇ ಮರೆತಿರುತ್ತದೆ. ಉಳಿದಿದ್ದರೆ.

ಮರುದಿನ ಗುಡಿಯ ಮುಂದೆ ಊರೇ ಸೇರಿತು. ಕೆಳಗೆ ಹೊಳೆ ಮೊರೆಯುತ್ತಿತ್ತು. ಅಂಬಿಗ ಹರಿಗೋಲು ಹಿಡಿದು ಕೂಗಿದ: "ಬೇಗ ಆಗಲಿ! ಹೊಳೆ ದಾಟಿಸೋದು ಇದೇ ಕೊನೆ ಸಲ. ಇನ್ನು ತಡವಾದರೆ ನಾನು ಹುಟ್ಟು ಹಾಕೋದಿಲ್ಲ!"

ಈರವ್ವ ಮೊಮ್ಮಗಳನ್ನು ಎದೆಗವಚಿಕೊಂಡಿದ್ದಳು. ಕೂಸು ತಾಯಿಯ ಕಡೆಗೆ ಕೈಚಾಚಿ ಅಳುತ್ತಿತ್ತು. ಈರವ್ವನ ಕಣ್ಣಲ್ಲೂ ನೀರು. ಆದರೂ ಅವಳು ಕದಲಲಿಲ್ಲ. ದೇವಿಯ ಮಾತಿಗಿಂತ ದೊಡ್ಡದು ಯಾವುದಿದೆ?

ಮುದ್ದಯ್ಯ ಒಳಗೆ ಹೋಗಿ ಎರಡೂ ಹೂ ಅಂಟಿಸಿ, ಹೊಸ್ತಿಲಿಗೆ ಬಂದು ಗಂಟಲು ಸರಿಮಾಡಿಕೊಂಡ. ಅಷ್ಟರಲ್ಲಿ ಚೆನ್ನಾಜಿ ಸೆರಗು ಬಿಗಿದು ಮುಂದೆ ಬಂದಳು.

"ಹೊಳೆ ದಾಟೋಳು ನಾನು. ಈ ಸಲ ನಾನೇ ಕೇಳ್ತೀನಿ, ಅಯ್ಯನವರೆ."

ಜನ ಗುಸುಗುಸು ಎಂದರು. ಆಗ, ಅಲ್ಲಿಯವರೆಗೆ ನೆಲ ನೋಡುತ್ತಿದ್ದ ಭರಮಣ್ಣ ತಲೆಯೆತ್ತಿದ. "ಕೇಳಲಿ ಬಿಡಿ. ಅಮ್ಮನಿಗೆ ಎಲ್ಲರ ದನಿಯೂ ಒಂದೇ ಅಲ್ವೆ?"

ಮುದ್ದಯ್ಯ ಮೀಸೆಯಲ್ಲೇ ನಕ್ಕ. ಹೂ ಆಗಲೇ ಅಂಟಿಸಿಯಾಗಿದೆ. ಅವಳು ಕೂಗಿದರೇನು, ಅತ್ತರೇನು? "ಯಾರು ಕೇಳಿದರೂ ಅಮ್ಮನ ಉತ್ತರ ಬದಲಾಗೋದಿಲ್ಲ ತಾಯಿ. ಊರೆಲ್ಲ ಕೇಳಿಸಿಕೊಳ್ಳಲಿ. ಬಲದ್ದು ಬಿದ್ದರೆ ಬಿದ್ದಂತೆಯೇ."

"ಬಿದ್ದಂತೆಯೇ," ಎಂದಳು ಚೆನ್ನಾಜಿ. ಕೈ ಮುಗಿದಳು. ತಾನು ಎಣಿಸಿದ್ದು ತಪ್ಪಾಗಿದ್ದರೆ? ಇಂದೊಂದು ದಿನ ಅವನು ಬರೀ ನೀರಿನಲ್ಲೇ ಅಂಟಿಸಿದ್ದರೆ?

ಹೊಳೆಯ ಮೊರೆತವನ್ನೂ ಮೀರಿ ಕೇಳಿದಳು: "ತಾಯೀ ತೊರೆಯಮ್ಮ, ನಿನ್ನ ಪೂಜಾರಿ ನಮಗೆ ಮೋಸ ಮಾಡುತ್ತಿದ್ದಾನೆಯೇ?"

ಮುದ್ದಯ್ಯ ಬೆಚ್ಚಿದ. ಹೂ ಕೀಳಲು ಒಳಗೆ ನುಗ್ಗಹೋದ. ಭರಮಣ್ಣ ಅಡ್ಡ ನಿಂತ. ಹೂ ಅಲುಗಲಿಲ್ಲ. ಅಂಬಿಗ ಮತ್ತೆ ಕೂಗಿದ. ಹೂ ಅಲುಗಲಿಲ್ಲ. ಕೂಸು ಅಳು ನಿಲ್ಲಿಸಿ ಬಿಕ್ಕಿತು.

ಬಲದ ಹೂ ಬಿತ್ತು.

"ಗಾಳಿ! ಅದು ಗಾಳಿಗೆ ಬಿತ್ತು!" ಎಂದು ಕಿರುಚಿದ ಮುದ್ದಯ್ಯ.

ಗುಂಪಿನಲ್ಲಿದ್ದ ಮುದುಕಿಯೊಬ್ಬಳು ಕೇಳಿದಳು: "ಹಾಗಾದ್ರೆ ಈರವ್ವನ ಹಸುವೂ ಗಾಳಿಗೇ ಹಾರಿ ನಿನ್ನ ಕೊಟ್ಟಿಗೆಗೆ ಬಂತೇನಪ್ಪ?"

ಜನ ನಕ್ಕರು. ಈರವ್ವ ನಗಲಿಲ್ಲ. ಕೂಸನ್ನು ಸೊಸೆಯ ಕೈಗಿತ್ತು ಗರ್ಭಗುಡಿಗೆ ನಡೆದಳು. ಎಡದ ಹೂವನ್ನು ಎಳೆದಳು. ಅದು ಸುಲಭಕ್ಕೆ ಬರಲಿಲ್ಲ. ಬಂದಾಗ ಹಿಂದೆಯೇ ಒಂದು ಹೊಂಬಣ್ಣದ ಎಳೆ ಬಂತು. ಬೆರಳನ್ನು ನಾಲಿಗೆಗೆ ಮುಟ್ಟಿಸಿದಳು.

"ಜೇನು," ಎಂದಳು. "ಗಂಡನ ಹೆಸರಲ್ಲಿ ಅಭಿಷೇಕಕ್ಕೆ ಅಂತ ನಾನೇ ತಂದುಕೊಟ್ಟ ಜೇನು, ಮುದ್ದಯ್ಯ."

ಅಷ್ಟೇ ಮಾತು. ಅದಕ್ಕಿಂತ ಜೋರಾಗಿ ಬೈಯಲು ಊರಿನಲ್ಲಿ ಯಾರಿಗೂ ಆಗಲಿಲ್ಲ.

ಹಸು ಮನೆಗೆ ಬಂತು. ತೋಟದ ಬೇಲಿ ಕಿತ್ತುಹೋಯಿತು. ಚೆನ್ನಾಜಿಗೆಂದು ಕಾದಿದ್ದ ಹರಿಗೋಲಿನಲ್ಲಿ ಮುದ್ದಯ್ಯ ಹೊಳೆ ದಾಟಿದ. ಅವನ ಬೆನ್ನಿಗೇ ಹೊಳೆ ದಂಡೆ ಮೀರಿ ತುಂಬಿತು.

ಅಂದಿನಿಂದ ಆ ಮನೆಯಲ್ಲಿ ಏನೇ ಬದಲಾವಣೆ ಬರಲಿ, ಮೊದಲು ಒಲೆಯ ಮುಂದೆ ಮೂವರೂ ಕೂತು ಮಾತಾಡುತ್ತಿದ್ದರು. ಆಮೇಲೆ ಗುಡಿಗೆ ಹೋಗಿ ಕೈ ಮುಗಿಯುತ್ತಿದ್ದರು. ಆ ದಿನ ಬಲದ ಹೂ ಬೀಳಿಸಿದ್ದು ತೊರೆಯಮ್ಮನೇ ಎಂದು ಈರವ್ವ ಸಾಯುವವರೆಗೂ ಹೇಳಿದಳು. ಚೆನ್ನಾಜಿ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಅತ್ತೆಯನ್ನು ಗುಡಿಯ ದಾರಿಯಲ್ಲಿ ಕೈ ಹಿಡಿದು ನಡೆಸಿದಳು.

ಮಕ್ಕಳೇ, ನೆನಪಿಡಿ: ದೇವರನ್ನು ನಂಬುವುದು ತಪ್ಪಲ್ಲ, ದೇವರ ಹೆಸರು ಹೇಳಿದವರನ್ನೆಲ್ಲ ಕಣ್ಣುಮುಚ್ಚಿ ನಂಬುವುದು ತಪ್ಪು. ಮನೆಯವರ ಮಾತಿಗೆ ಕಿವಿಗೊಡದವರ ಭಕ್ತಿ ಕಳ್ಳನಿಗೆ ಬಾಗಿಲು ತೆರೆಯುತ್ತದೆ.

ಅವರ ಹೊಳೆ ಅಲ್ಲಿ ಇಳಿಯಿತು, ನನ್ನ ಕಥೆ ಇಲ್ಲಿ ದಡ ಸೇರಿತು.