ಕುಲ ಕೇಳಲು ಹೋದ ಜಿಗಿಹುಳು

ಭತ್ತದ ಗದ್ದೆಯಲ್ಲಿ ಮೋಟ ಎಂಬ ಗಿಡ್ಡರೆಕ್ಕೆಯ ಜಿಗಿಹುಳು ಇದ್ದ. ಒಡಹುಟ್ಟಿದ ಅಣ್ಣನಿಗೆ ಉದ್ದ ರೆಕ್ಕೆ. "ನೀನು ನಮ್ಮ ಕುಲದವನೇ ಅಲ್ಲ ಬಿಡು," ಎಂದು ಅಣ್ಣ ಹಾರಿಯೇ ಹೋದ. ಮೋಟನಿಗೆ ದಿಕ್ಕೇ ತೋಚಲಿಲ್ಲ. ಒಂದೇ ದಂಟಿನ ರಸ ಕುಡಿದು ಬೆಳೆದವರು; ಕುಲ ಬೇರೆಯಾದದ್ದು ಯಾವಾಗ?

ಹುಳುಗಳ ಕುಲ ಗುರುತಿಸಲು ಬಂದಿದ್ದ ಪಂಡಿತರು ಭೂತಗನ್ನಡಿಯನ್ನು ಬದುವಿನ ಮೇಲಿಟ್ಟು ಊಟಕ್ಕೆ ಹೋಗಿದ್ದರು. ಮೋಟ ಅದರ ಮುಂದೆ ಕೂತ.

"ಸ್ವಾಮಿ, ನಾನು ಯಾರು?"

ಭೂತಗನ್ನಡಿ ದಿಟ್ಟಿಸಿತು. "ಹಿಂಗಾಲಲ್ಲಿ ಮುಳ್ಳಿದೆ, ಜಿಗಿಹುಳುವೇ ಹೌದು. ಆದರೆ ಯಾವ ಕುಲವೆಂದು ರೆಕ್ಕೆ, ಬಣ್ಣ ನೋಡಿ ಹೇಳಲಾಗದು. ಬಾಲದ ತುದಿ ಕತ್ತರಿಸಿ, ಕ್ಷಾರದ ನೀರಲ್ಲಿ ಬೇಯಿಸಿ ನೋಡಬೇಕು. ಆಗ ಹೆಸರು ಖಚಿತ."

"ಆಮೇಲೆ ಆ ಹೆಸರಿಗೆ ಓಗೊಡುವವರು ಯಾರು ಸ್ವಾಮಿ?"

"ಅದು ನನ್ನ ಕೆಲಸವಲ್ಲ."

ಮೋಟ ಇನ್ನಷ್ಟು ಗಲಿಬಿಲಿಗೊಂಡು ತನ್ನ ದಂಟಿಗೆ ಮರಳಿದ. ಕಳವಳ ತಾಳಲಾರದೆ ಬಾಲ ನಡುಗಿಸಿ, ಡೋಲು ಬಡಿದ ಹಾಗೆ ದಂಟನ್ನು ಮಿಡಿದ. ಎಲೆಗೆ ಎಲೆ ತಾಗಿದ್ದ ಪಕ್ಕದ ದಂಟಿನಿಂದ ಅದೇ ತಾಳದಲ್ಲಿ ಉತ್ತರ ಬಂತು. ಅಲ್ಲೊಬ್ಬಳು ಹೆಣ್ಣು ಜಿಗಿಹುಳು.

"ಎಲ್ಲಿಗೆ ಹೋಗಿದ್ದೆ ಮಾರಾಯ? ನಮ್ಮ ಕುಲದವನೊಬ್ಬ ಬರಲೆಂದು ಬೆಳಗಿನಿಂದ ಕಾಯುತ್ತಿದ್ದೇನೆ!"

"ನಾನು ನಿಮ್ಮ ಕುಲದವನೆಂದು ಹೇಗೆ ಗೊತ್ತಾಯಿತು?" ಮೋಟ ತಬ್ಬಿಬ್ಬಾಗಿ ಕೇಳಿದ. "ನನ್ನ ಬಾಲ ನೋಡಿದೆಯಾ?"

"ಇಲ್ಲಪ್ಪ," ಎಂದಳು ಅವಳು. "ಕೇಳಿಸಿಕೊಂಡೆ."